ಬೀದಿಯಲ್ಲಿ ವಿಚಾರಿಸಿ ಹೋದವನು

ರಾಜಾಮಣಿ ಮಲಗಿ ನಿದ್ದೆ ಮಾಡಿ ಎರಡು ವರ್ಷವಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಪೀಳಮೇಡಿನ ನಮ್ಮ ದೇವಾಂಗರ ಬೀದಿಯಲ್ಲಿ ಅವಳ ಮನೆಗೂ ನನ್ನ ಮನೆಗೂ ಒಂದೇ ಗೋಡೆ. ಮಿಲ್ಲಿನಲ್ಲಿ ನೂಲು ಸುತ್ತುವ ಯಂತ್ರಗಳೂ ಪಕ್ಕಪಕ್ಕ. ಹಾಗಾಗಿ ಅವಳ ಸಂಕಟ ನನಗೆ ಗೊತ್ತು. ಅವಳ ತಾಯಿ ಸೆಲ್ಲಮ್ಮನಿಗೆ ಗೊತ್ತಿರಲಿಲ್ಲ. ಕೂತು ತೂಕಡಿಸುವುದು ಮಿಲ್ಲಿನ ದಣಿವೆಂದೇ ಮುದುಕಿ ತಿಳಿದಿದ್ದಳು. ಮಗಳು ದಪ್ಪವೆಂದು ಅವಳ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಹೆತ್ತ ಕಣ್ಣಿಗೆ ಏನು ಹೇಳುವುದು?

ಎಂಬತ್ತೇಳನೇ ಇಸವಿಯಲ್ಲಿ ಕಾರ್ಮಿಕರ ವಿಮಾ ಆಸ್ಪತ್ರೆಯ ಡಾಕ್ಟರ್ ನೇರವಾಗಿಯೇ ಹೇಳಿದರು, ಮೈತೂಕ ಹೀಗೇ ಇದ್ದರೆ ಎದೆ ತಡೆಯುವುದಿಲ್ಲ ಎಂದು. ಮದ್ರಾಸಿನಲ್ಲಿ ಹೊಟ್ಟೆಯನ್ನು ಚಿಕ್ಕದಾಗಿ ಹೊಲಿಯುವ ಆಪರೇಷನ್ ಹೊಸದಾಗಿ ಬಂದಿದೆ, ವಿಮೆಯವರು ಒಪ್ಪಿದರೆ ಖರ್ಚೆಲ್ಲ ಅವರದೇ. ಒಪ್ಪಬೇಕಲ್ಲ! ಇದು ಅಂದ ಹೆಚ್ಚಿಸಿಕೊಳ್ಳುವ ಆಸೆ ಎಂದರು ಮೊದಲು. ಮದುವೆಯಾಗದೆ ಮೂವತ್ತಾರು ದಾಟಿದವಳಿಗೆ ಹಾಗಂದು ಗುಮಾಸ್ತ ನಕ್ಕನಂತೆ. ಅವನ ನಾಲಿಗೆ ಬಿದ್ದುಹೋಗ. ಆಮೇಲೆ ತೂಕ ಬರೆಸಿಕೊಂಡು ಬಾ ಎಂದರು. ಆಸ್ಪತ್ರೆಯ ತೂಕದ ಯಂತ್ರದ ಮುಳ್ಳು ಕೊನೆಗೆ ಹೋಗಿ ನಿಂತಿತು. ಕಡೆಗೆ ಮಿಲ್ಲಿನಲ್ಲಿ ಹತ್ತಿ ಮೂಟೆ ತೂಗುವ ಹಲಗೆಯ ಮೇಲೆ, ಗಂಡಸರೆಲ್ಲ ನೋಡುತ್ತಿರುವಾಗ, ಏರಿ ನಿಂತಳು. ಅಂದು ಊಟದ ಡಬ್ಬಿ ತೆರೆಯಲಿಲ್ಲ. ನಾನು ಪಕ್ಕ ಹೋಗಿ ಕೂತರೆ ಎದ್ದು ಬೇರೆ ಕಡೆ ಹೋದಳು. ಅವಳು ಹಾಗೆಯೇ, ಕಷ್ಟ ಬಂದರೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಹೊಟ್ಟೆ ಕೊಯ್ಯುತ್ತಾರೆಂದರೆ ಅವ್ವ ಹೆದರಿ ಸಾಯುತ್ತಾಳೆ, ಎಲ್ಲ ಮುಗಿದ ಮೇಲೆ ಹೇಳಿದರಾಯಿತು ಎಂದು ನನ್ನ ಬಾಯಿಗೂ ಬೀಗ ಹಾಕಿದ್ದಳು.

ಕೊನೆಗೆ ವಿಮೆಯವರು, ಮನೆಯ ಹತ್ತಿರ ವಿಚಾರಿಸಿ ತೀರ್ಮಾನಿಸುತ್ತೇವೆ ಎಂದರು. ಸಂಕ್ರಾಂತಿ ಕಳೆದು, ತೈ ತಿಂಗಳಲ್ಲಿ ಒಬ್ಬ ಮನುಷ್ಯ ಬಂದ. ಬಿಳಿ ಪಂಚೆ, ಕಂಕುಳಲ್ಲಿ ಚೀಲ. ಎಲ್ಲಿಂದ ಬಂದೆನೆಂದು ಬಾಯಿಬಿಡಲಿಲ್ಲ. ರಾಜಾಮಣಿ ಸರಿಯಾಗಿ ನಡೆದಾಡುತ್ತಾಳಾ, ಮನೆಕೆಲಸ ಮಾಡುತ್ತಾಳಾ, ಮೈಯಲ್ಲಿ ಏನಾದರೂ ಕಾಯಿಲೆ ಇದೆಯಾ ಎಂದು ಬೀದಿಯವರನ್ನು ಕೇಳಿದ. ನಮ್ಮಲ್ಲಿ ಗಂಡಿನ ಕಡೆಯವರು ಹೆಣ್ಣು ನೋಡಲು ಬರುವ ಮೊದಲು ಗುರುತಿಲ್ಲದ ಒಬ್ಬರನ್ನು ಕಳಿಸಿ ವಿಚಾರಿಸುವುದು ಹೀಗೆಯೇ, ಇದೇ ಮಾತುಗಳಲ್ಲಿ. ರಾಜಾಮಣಿಯನ್ನು ಹನ್ನೆರಡು ವರ್ಷದಿಂದ ಯಾರೂ ಕೇಳಿಕೊಂಡು ಬಂದಿರಲಿಲ್ಲ. ಸೆಲ್ಲಮ್ಮ ಅವನನ್ನು ಒಳಗೆ ಕರೆದು ಕಾಪಿ ಕೊಟ್ಟಳು. ಮಗಳಿಗೆ ಒಂದು ತಲೆನೋವೂ ಬಂದಿಲ್ಲ, ಮೂರಾಳಿನ ಕೆಲಸ ಒಬ್ಬಳೇ ಮಾಡುತ್ತಾಳೆ ಎಂದಳು. ಅಕ್ಕಪಕ್ಕದವರೂ ಹೌದೌದು ಎಂದರು. ರಾಜಾಮಣಿಯೂ ನಾನೂ ಆಗ ಮಿಲ್ಲಿನಲ್ಲಿದ್ದೆವು.

ಮುಂದಿನ ವಾರ ಡಾಕ್ಟರ್ ಅವಳನ್ನು ಕರೆಸಿ, ವಿಮೆಯವರು ಆಗುವುದಿಲ್ಲವೆಂದಿದ್ದಾರೆ, ನಿನ್ನ ತಾಯಿಯೇ ಕಾಯಿಲೆ ಇಲ್ಲವೆಂದರಂತೆ ಎಂದರು. ಒಳ್ಳೆಯ ಮನುಷ್ಯ, ದಾರಿಯನ್ನೂ ತೋರಿಸಿದರು. ಸೋಮವಾರದೊಳಗೆ ತಾಯಿಯನ್ನು ಕರೆತಂದು ನಿಜ ಹೇಳಿಸಿದರೆ ಮತ್ತೆ ಕೇಳಬಹುದು. ಆಮೇಲೆ ಯಾರ ಕೈಯಲ್ಲೂ ಇಲ್ಲ.

ಹೇಳಿಬಿಡು, ಹೇಳಿಬಿಡು ಎಂದು ದಾರಿಯುದ್ದಕ್ಕೂ ಬೈಯುತ್ತಲೇ ಅವಳ ಜೊತೆ ಮನೆಗೆ ಬಂದೆ. ಸೆಲ್ಲಮ್ಮ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ತೆಗೆದು ಗಾಳಿಗೆ ಹಾಕಿದ್ದಳು. ಆ ಮುಖ ಅಷ್ಟು ಅರಳಿದ್ದನ್ನು ನಾನು ಕಂಡೇ ಇರಲಿಲ್ಲ.

"ಅವ್ವಾ, ಅವತ್ತು ಬಂದಿದ್ರಲ್ಲ, ಅವರು..." ಎಂದು ರಾಜಾಮಣಿ ಶುರು ಮಾಡಿದಳು.

"ಸುದ್ದಿ ಬಂತಾ ನನ್ ಕಣ್ಣು? ಯಾವತ್ತು ಬತ್ತಾರಂತೆ?" ಎಂದಳು ತಾಯಿ.

ರಾಜಾಮಣಿ ನನ್ನ ಕಡೆ ನೋಡಲಿಲ್ಲ.

"ಜಾತಕ ಸೇರ್ಲಿಲ್ವಂತೆ ಅವ್ವಾ."

ನನಗೆ ಮೈಯೆಲ್ಲ ಉರಿದುಹೋಯಿತು. ಕೆನ್ನೆಗೆ ಎರಡು ಬಿಡೋಣವೆನಿಸಿತು. ಬಾಯಿ ತೆರೆಯುವಷ್ಟರಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದು ಒತ್ತಿದಳು.

ಸೆಲ್ಲಮ್ಮ ಸೀರೆಯನ್ನು ಮಡಿಸಿ ಒಳಗಿಟ್ಟಳು. ಆಮೇಲೆ ಮಗಳ ಪಕ್ಕ ಬಂದು ತಲೆ ಸವರಿದಳು.

"ಹೋಗ್ಲಿ ಬುಡು. ಒಬ್ಬರಾದ್ರೂ ಕೇಳ್ಕೊಂಡು ಬಂದ್ರಲ್ಲ. ಅದೇ ಕವಲೆ, ಅದೇ ಚಿಂತೇಲಿ ಸಣ್ಣಗೆ ಇಳ್ದೋಗಿದ್ದೀಯ, ಬಾ, ಉಣ್ಣು."

ರಾಜಾಮಣಿ ತಟ್ಟೆಯ ಮುಂದೆ ಕೂತು ಬಡಿಸಿದ್ದನ್ನೆಲ್ಲ ಉಂಡಳು. ಸೋಮವಾರ ಎಂದಿನಂತೆ ಮಿಲ್ಲಿಗೆ ಬಂದಳು.