ಅನುಮಾನ ಕೇಳಿ, ಮಕ್ಕಳೇ

ನಮ್ಮ ಶಾಲೆಯ ವಿಜ್ಞಾನದ ಮೇಡಂ ಸೋಮವಾರ ತೀರಿಕೊಂಡರು. ಗರ್ಭಕೋಶದ ಕ್ಯಾನ್ಸರ್. ಗರ್ಭಕೋಶ ಎಂಬ ಪದವನ್ನು ಅವರು ಸೀಮೆಸುಣ್ಣ ಎಂದಷ್ಟೇ ಸಲೀಸಾಗಿ ಹೇಳುತ್ತಿದ್ದರು. ಸ್ಟಾಫ್ ರೂಮಿನ ಗಂಡಸರೆಲ್ಲ ಆಗ ಚಹಾದ ಲೋಟದೊಳಗೆ ಮುಳುಗಿಬಿಡುತ್ತಿದ್ದೆವು. ಶೃಂಗಾರರಸದ ಬಗ್ಗೆ ಗಂಟೆಗಟ್ಟಲೆ ಕೊರೆಯುವ ಭಾಷಾ ಮೇಷ್ಟ್ರಾದ ನಾನು ಎಲ್ಲರಿಗಿಂತ ಆಳಕ್ಕೆ. ಒಂಬತ್ತನೇ ತರಗತಿಗೆ ಸಂಯಮವೊಂದನ್ನೇ ಬೋಧಿಸಿ, ಸಂತಾನೋತ್ಪತ್ತಿಯ ಪಾಠ ಬಿಟ್ಟುಬಿಡಿ ಎಂದು ಇಲಾಖೆಯ ಆದೇಶ ಬಂದಾಗ ನನಗಂತೂ ಹಾಯೆನಿಸಿತ್ತು. ಮೇಡಂ ಆದೇಶವನ್ನು ಚಾಚೂತಪ್ಪದೆ ಪಾಲಿಸಿದರು. "ಮದುವೆಯವರೆಗೆ ಕಾಯಿರಿ" ಎಂದು ನಿಂತು ಓದಿ, ಕನ್ನಡಕ ತೆಗೆದಿಟ್ಟು, "ಇಲಾಖೆ ಹೇಳಿದ್ದಾಯ್ತು. ಇನ್ನು ನಿಮ್ಮ ಅನುಮಾನ ಕೇಳಿ, ಮಕ್ಕಳೇ" ಎನ್ನುತ್ತಿದ್ದರು. ಹೆಡ್‌ಮಾಸ್ಟರು ಕರೆಸಿ ಗದರಿದರೆ, "ಪಾಠ ಮಾಡಬೇಡಿ ಅಂತಿದೆ ಸರ್, ಕೇಳಿದ್ದಕ್ಕೆ ಉತ್ತರ ಕೊಡಬೇಡಿ ಅಂತಿಲ್ವಲ್ಲ" ಎಂದು ಅದೇ ಕಾಗದ ಅವರ ಮುಂದೆ ಹಿಡಿಯುತ್ತಿದ್ದರು. ಗಂಟೆ ಬಾರಿಸಿದರೂ ಮಕ್ಕಳು ಏಳದ ತರಗತಿ ಅದೊಂದೇ. ನನ್ನದರಲ್ಲಿ ಗಂಟೆಗೆ ಮೊದಲೇ ಚೀಲ ಹೆಗಲೇರಿರುತ್ತಿತ್ತು. ಭಾನುವಾರ ಆಸ್ಪತ್ರೆಗೆ ಹೋಗಿ, "ಹೊಟ್ಟೆನೋವು ಹೇಗಿದೆ ಮೇಡಂ?" ಎಂದೆ. "ನೋವು ಹೊಟ್ಟೇದಲ್ಲ ಮೇಷ್ಟ್ರೇ, ಅದು ನಿಮಗೂ ಗೊತ್ತು" ಎಂದು ನಕ್ಕರು. ಆಮೇಲೆ ನಗಲಿಲ್ಲ. "ಇನ್ಮೇಲೆ ಆ ಮಕ್ಕಳು ಯಾರನ್ನ ಕೇಳ್ಬೇಕು? ನೀವೇ ಆ ತರಗತಿಗೆ ಹೋಗಿ. ಎಲ್ಲಿ, ಆ ಪದ ಒಂದ್ಸಲ ಹೇಳಿ ನೋಡೋಣ." ನಾನು ಕಿಟಕಿಯ ಕಡೆ ತಿರುಗಿ ಗೊಣಗಿದೆ. ಅವರು ಕೊನೆಯದಾಗಿ ಮಾಡಿದ್ದು ಇಷ್ಟೇ: ಕಣ್ಣು ಮುಚ್ಚಿಕೊಂಡೇ ನನ್ನನ್ನು ತಿದ್ದಿದರು. "ಸ್ವಲ್ಪ ಜೋರಾಗಿ ಮೇಷ್ಟ್ರೇ. ಹಿಂದಿನ ಬೆಂಚಿಗೆ ಕೇಳಿಸಲ್ಲ."