ಸೊಪ್ಪಮ್ಮ ಬರೆಸಿದ ಅರ್ಜಿ

ಮೊನ್ನೆ ಫ್ರಿಜ್ಜಿನ ಕೆಳಗಿನ ಡಬ್ಬ ಎಳೆದಾಗ ಸಬ್ಬಸಿಗೆ ಸೊಪ್ಪಿನ ಘಾಟು ಮೂಗಿಗೆ ಬಡಿಯಿತು. ಎರಡು ದಿನ ಮರೆತು ಇಟ್ಟಿದ್ದ ಕಟ್ಟು, ಅಂಚಿನಲ್ಲಿ ಹಳದಿ ತಿರುಗಿತ್ತು. ಅದನ್ನು ಕೈಯಲ್ಲಿ ಹಿಡಿದು ನಿಂತವಳಿಗೆ ಮಲ್ಲೇಶ್ವರದಲ್ಲಿ ಸೊಪ್ಪು ಮಾರುತ್ತಿದ್ದ ಸೊಪ್ಪಮ್ಮ ನೆನಪಾದರು. ಅವರ ಸೆರಗಿಗೂ ಕೈಗೂ ಸದಾ ಇದೇ ವಾಸನೆ...

ತೊಂಬತ್ತರ ದಶಕದ ಮಾತು. ಸಂಪಿಗೆ ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿ ನಮ್ಮ ಮನೆ. ತಿರುವಿನಲ್ಲೇ ತರಕಾರಿ ಮಾರ್ಕೆಟ್ಟು. ಬೆಳಗಿನ ಜಾವ ಬಂದು ಒದ್ದೆ ಗೋಣಿ ಹಾಸಿ ಕೂತರೆ ಸೊಪ್ಪಮ್ಮ ಏಳುತ್ತಿದ್ದುದು ಮಧ್ಯಾಹ್ನ ಮೂರಕ್ಕೆ. ನಾನು ಆಗ ಬಿ.ಎ. ಓದುತ್ತಿದ್ದೆ. ಒಂದು ಏಪ್ರಿಲ್ ಬಿಸಿಲಲ್ಲಿ, ಅಮ್ಮ ಹೇಳಿದರೆಂದು, ಅವರಿಗೆ ಒಂದು ಲೋಟ ಮಜ್ಜಿಗೆ ತೆಗೆದುಕೊಂಡು ಹೋದೆ. ಅವರು ಲೋಟ ಮುಟ್ಟಲಿಲ್ಲ.

"ಬೇಡ ಕಣಮ್ಮ. ಕುಡಿದ್ಬಿಟ್ರೆ ಆಮೇಲೆ ಎಲ್ಲಿಗ್ ಹೋಗ್ಲಿ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಗಂಡಸರಿಗೆ ಮಾರ್ಕೆಟ್ಟಿನ ಹಿಂದಿನ ಗೋಡೆಯಿತ್ತು. ಹೆಂಗಸರಿಗೆ ಏನೂ ಇರಲಿಲ್ಲ. ಇಪ್ಪತ್ತು ಮೂವತ್ತು ಜನ ಹೆಂಗಸರು ಮನೆ ಬಿಟ್ಟಾಗಿನಿಂದ ಮತ್ತೆ ಮನೆ ಸೇರುವವರೆಗೆ ಹನಿ ನೀರು ಕುಡಿಯದೆ ಕೂರುತ್ತಿದ್ದರು. ಆ ದಾರಿಯಲ್ಲೇ ದಿನಾ ಓಡಾಡುತ್ತಿದ್ದ ನನಗೆ ಅದು ಹೊಳೆದೇ ಇರಲಿಲ್ಲ.

ಅಂದು ಸಂಜೆ ಅಜ್ಜಿಯನ್ನು ಕೇಳಿದೆ, ನಮ್ಮ ಹಿತ್ತಲ ಕಕ್ಕಸಿಗೆ ಅವರು ಬರಬಹುದಲ್ಲ ಎಂದು. "ಇವತ್ತು ಅವಳು, ನಾಳೆ ಇಡೀ ಮಾರ್ಕೆಟ್ಟೇ ಬರುತ್ತೆ. ಸುಮ್ನಿರು" ಎಂದರು ಅಜ್ಜಿ. ಅಮ್ಮ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದರು. ನಾನೂ ಸುಮ್ಮನಾದೆ. ಇದನ್ನು ಬರೆಯುವಾಗಲೂ ಕೈ ತಡೆಯುತ್ತದೆ.

ಮುಂದಿನ ತಿಂಗಳು ಸೊಪ್ಪಮ್ಮ ಜ್ವರ ಬಂದು ಕೂತಲ್ಲೇ ಬಿದ್ದರು. ಮೂರು ವಾರ ಆಸ್ಪತ್ರೆ. ಮೂತ್ರಕೋಶಕ್ಕೆ ನಂಜೇರಿದೆ, ನೀರು ಕುಡಿಯದೆ ಕುಡಿಯದೆ ಹೀಗಾಗಿದೆ ಎಂದರಂತೆ ಡಾಕ್ಟರು. ವಾಪಸು ಬಂದ ದಿನವೇ ನನ್ನನ್ನು ಕರೆದು, ಒಂದು ಅರ್ಜಿ ಬರೆದುಕೊಡು ಎಂದರು. ನಾನು ಓದಿದ ಹುಡುಗಿಯ ಜಂಬದಲ್ಲಿ 'ಮಹಿಳಾ ವ್ಯಾಪಾರಿಗಳಿಗೆ ಮೂಲಭೂತ ಸೌಕರ್ಯದ ಕೊರತೆ' ಎಂದೆಲ್ಲ ಬರೆದು ಓದಿ ಹೇಳಿದೆ.

"ಚೆನ್ನಾಗೈತೆ. ಆದ್ರೆ ಇದ್ರಲ್ಲಿ ಕಕ್ಕಸು ಅನ್ನೋ ಮಾತೇ ಇಲ್ವಲ್ಲ?"

"ಹಾಗೆಲ್ಲ ಬರೆಯೋಕಾಗಲ್ಲ ಸೊಪ್ಪಮ್ಮ. ಒಂಥರಾ ಇರುತ್ತೆ."

"ಬರಿಯಮ್ಮ. ಕೇಳೋಕೆ ನಾವೇ ನಾಚ್ಕೊಂಡ್ರೆ ಕೊಡೋರು ಯಾಕ್ ಕೊಡ್ತಾರೆ?"

ಬರೆದೆ. ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು.

ಕಾರ್ಪೊರೇಷನ್ ಕಚೇರಿಗೆ ನಾನೂ ಜೊತೆಗೆ ಹೋದೆ. ಅಲ್ಲಿನ ಅಧಿಕಾರಿ ಅರ್ಜಿಯ ಮೇಲೆ ಕಣ್ಣಾಡಿಸಿ ನಕ್ಕರು. "ಇಷ್ಟು ವರ್ಷ ಇಲ್ದೇ ಇದ್ದಿದ್ದು ಈಗ ಯಾಕ್ರೀ ಬೇಕಾಯ್ತು?"

"ಇಷ್ಟು ವರ್ಷ ಬಾಯಿ ಕಟ್ಕೊಂಡಿದ್ವಿ ಸ್ವಾಮಿ" ಎಂದರು ಸೊಪ್ಪಮ್ಮ. "ನೀರಿಗೂ, ಮಾತಿಗೂ."

ಅಧಿಕಾರಿಯ ನಗು ನಿಂತಿತು. ಕೆಲಸ ಮಾತ್ರ ಆಗಲಿಲ್ಲ. ಎರಡು ವರ್ಷ, ಪ್ರತಿ ಸೋಮವಾರ, ಸೊಪ್ಪಮ್ಮ ತಮ್ಮ ಸೊಪ್ಪನ್ನು ಪಕ್ಕದವರಿಗೆ ಒಪ್ಪಿಸಿ ಆ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತರು. ಕೊನೆಗೊಮ್ಮೆ ಎರಡು ಕೋಣೆಯ ಕಟ್ಟಡ ಎದ್ದಿತು. ಆದರೆ ಅದರ ಬೀಗದ ಕೈ ಹೇಗೋ ಈರುಳ್ಳಿ ಮಂಡಿಯವನೊಬ್ಬನ ಪಾಲಾಯಿತು. ಅವನು ಒಳಗೆ ಮೂಟೆ ಜೋಡಿಸಿದ.

ಒಂದು ಬೆಳಿಗ್ಗೆ ಅವನು ಬಾಗಿಲು ತೆರೆದ ಕೂಡಲೇ ಸೊಪ್ಪಮ್ಮ ಹೋಗಿ ಹೊಸ್ತಿಲ ಮೇಲೆ ಕೂತುಬಿಟ್ಟರು. ಉಳಿದ ಹೆಂಗಸರು ಒಂದೊಂದೇ ಮೂಟೆ ಎಳೆದು ತಂದು ರಸ್ತೆ ಬದಿಗೆ ಇಟ್ಟರು. ಒಂದು ಈರುಳ್ಳಿಯೂ ಚೆಲ್ಲಲಿಲ್ಲ. ಅವನು ಕೂಗಾಡಿದ, ಪೊಲೀಸರನ್ನು ಕರೆಯುತ್ತೇನೆಂದ.

"ಕರೀರಿ. ಅವ್ರ ಮನೇಲೂ ಹೆಣ್ಮಕ್ಳು ಅವ್ರೆ" ಎಂದರು ಸೊಪ್ಪಮ್ಮ.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಎದುರಿನ ಫುಟ್‌ಪಾತಿನಲ್ಲಿ ಬ್ಯಾಗು ಹಿಡಿದು ನಿಂತಿದ್ದೆ. ಸೊಪ್ಪಮ್ಮ ನನ್ನನ್ನು ನೋಡಿದರು. ಬಾ ಎಂದು ಕರೆಯಲಿಲ್ಲ. ಬಸ್ಸು ಬಂತು, ಹತ್ತಿದೆ... ಸಂಜೆ ಬರುವಾಗ ಆ ಬಾಗಿಲು ತೆರೆದೇ ಇತ್ತು. ಇಬ್ಬರು ಹೆಂಗಸರು ಒಳಗೆ ಫಿನಾಯಿಲ್ ಸುರಿದು ತೊಳೆಯುತ್ತಿದ್ದರು.

ಮದುವೆಯಾಗಿ ನಾನು ಬಸವನಗುಡಿಗೆ ಬಂದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಫೋನಿನಲ್ಲಿ ಅಮ್ಮ ಅದೂ ಇದೂ ಮಾತಾಡುತ್ತ, "ಸೊಪ್ಪಮ್ಮ ಹೋಗ್ಬಿಟ್ರಂತೆ ಕಣೆ. ಕಿಡ್ನಿ ಎರಡೂ ಕೆಟ್ಟಿತ್ತಂತೆ" ಎಂದರು. ಆಗಲೇ ಹದಿನೈದು ದಿನ ಕಳೆದಿತ್ತು. ಮೂಟೆ ಎಳೆದ ಆ ಬೆಳಿಗ್ಗೆ ನಾನೇಕೆ ರಸ್ತೆ ದಾಟಲಿಲ್ಲ ಎಂದು ಸೊಪ್ಪಮ್ಮನಿಗೆ ನಾನು ಹೇಳಿರಲೇ ಇಲ್ಲ. ಅವರೂ ಕೇಳಿರಲಿಲ್ಲ.

ನಿನ್ನೆ ಆ ಕಡೆ ಹೋಗಿದ್ದೆ. ಕಟ್ಟಡಕ್ಕೆ ಹೊಸ ಬಣ್ಣ, ಹೊಸ ಬಾಗಿಲು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹುಡುಗಿಯನ್ನು, ಇದು ಇಲ್ಲಿಗೆ ಹೇಗೆ ಬಂತು ಗೊತ್ತೇನಮ್ಮ ಎಂದು ಕೇಳಿದೆ.

"ಇದಾ? ಮೊದ್ಲಿಂದಾನೂ ಐತಲ್ಲ ಆಂಟಿ."

ಇಲ್ಲಮ್ಮ, ಇಲ್ಲಿ ಒಬ್ಬರು ಕೂರುತ್ತಿದ್ದರು ಎಂದು ಶುರುಮಾಡಿದೆ. ಸುತ್ತ ನೋಡಿದೆ. ಹೌದು ಎಂದು ದನಿಗೂಡಿಸಲು ಅಂದಿನವರು ಒಬ್ಬರೂ ಅಲ್ಲಿರಲಿಲ್ಲ. ಅಷ್ಟರಲ್ಲಿ ಗಿರಾಕಿ ಬಂದರು, ಹುಡುಗಿ ಮೊಳ ಹಾಕತೊಡಗಿದಳು. ಅವಳ ಕೈ ಬಿಡುವಾಗುವವರೆಗೆ ಕಾದು ನಿಂತೆ.