ಭಾವನ ಮೊದಲ ಪ್ರಶ್ನೆ

ನಮ್ಮ ಬಳಗದಲ್ಲಿ ಯಾರೇ ಕಂಪ್ಯೂಟರ್ ಕೊಳ್ಳಲಿ, ಅಕ್ಕನ ಗಂಡ ಕರೆಯದೆಯೇ ಹಾಜರ್. ಪೆನ್ನಿನ ಹಾಗೆ ಜೇಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಬಂದು, "ಮೊದಲು ಹೇಳಿ, ಇದರಲ್ಲಿ ನಿಮಗೆ ಕೆಲಸ ಏನು?" ಅಂತಾರೆ. ಉತ್ತರ ಯಾರಿಗೆ ಬೇಕು! "ಅಯ್ಯೋ, ಈ ಡಬ್ಬಾ ಯಾಕೆ ತಂದ್ರಿ?" ಎಂದು ನೆಟ್ಟಗಿದ್ದ ಯಂತ್ರವನ್ನು ಬಿಚ್ಚಿ, ಧೂಳೇ ಇಲ್ಲದ ಫ್ಯಾನಿಗೆ ಉಫ್ ಎಂದು ಊದಿ ಮತ್ತೆ ಜೋಡಿಸಿದರೆ ಎರಡು ಸ್ಕ್ರೂ ಮಿಕ್ಕಿರುತ್ತವೆ. "ಕಂಪನಿಯವರು ಸುಮ್ಮನೆ ಹೆಚ್ಚಿಗೆ ಹಾಕಿರ್ತಾರೆ" ಎಂದು ಅವನ್ನೂ ಜೇಬಿಗಿಳಿಸುತ್ತಾರೆ. ಮೊನ್ನೆ ಅವರ ಮನೆಗೆ ಹೋದರೆ, ನಮ್ಮೆಲ್ಲರದನ್ನೂ ಮೀರಿಸುವ ಭಾರಿ ಯಂತ್ರವೊಂದು ಗುಂಯ್‌ಗುಡುತ್ತಿತ್ತು. "ಇದರಲ್ಲಿ ನಿಮಗೆ ಕೆಲಸ ಏನು ಭಾವ?" ಎಂದೆ, ಬೇಕೆಂದೇ. ಅವರು ಒರೆಸಿದ ಕೀಬೋರ್ಡನ್ನೇ ಮತ್ತೆ ಒರೆಸುತ್ತಾ, "ನಿಂದು ಸರಿಯಾಗಿ ನಡೀತಿದೆಯಾ?" ಎಂದರು. ಚೆನ್ನಾಗಿಯೇ ನಡೆಯುತ್ತಿತ್ತು. "ಇಲ್ಲ ಭಾವ, ಒಂದ್ಸಲ ಬಂದು ನೋಡಿ" ಅಂದುಬಿಟ್ಟೆ.